ಮುಂಜಾನೆಯ ಟಿಕ್ ಟಿಕ್ ಸದ್ದು: ಆಯಿಲ್ ಕೊರತೆಯೋ, ಹೊಗೆಯ ಸೋರಿಕೆಯೋ?

ಹಳೆಯ ಪೆಟ್ರೋಲ್ ಕಾರು ರಾತ್ರಿಯಿಡೀ ನಿಂತಾಗ, ವಾಲ್ವ್ ವ್ಯವಸ್ಥೆಯ ಸಂದನ್ನು ಆಯಿಲ್ ಒತ್ತಡದಿಂದ ತುಂಬುವ ಹೈಡ್ರಾಲಿಕ್ ಲಿಫ್ಟರ್ ಎಂಬ ಬಿಡಿಭಾಗದಿಂದ ಆಯಿಲ್ ಇಳಿದುಹೋಗುವುದುಂಟು. ಆದ್ದರಿಂದ ಎಂಜಿನ್ ಚಾಲೂ ಮಾಡಿದ ಮೊದಲ ಕೆಲವೇ ಸೆಕೆಂಡು ಕೇಳುವ ಟಿಕ್ ಟಿಕ್ ಸದ್ದು ಸಾಮಾನ್ಯವಾಗಿ ಅಪಾಯಕಾರಿಯಲ್ಲ. ಅದು ಕೆಲವು ನಿಮಿಷ ಮುಂದುವರಿದು, ಎಂಜಿನ್ ಬಿಸಿಯಾದಂತೆ ಅಡಗಿದರೆ, ಸಿಲಿಂಡರುಗಳ ಹೊಗೆಯನ್ನು ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬಿರುಕನ್ನೋ ಗ್ಯಾಸ್ಕೆಟ್ ಸೋರಿಕೆಯನ್ನೋ ಶಂಕಿಸಬೇಕು. ಬಿಸಿಗೆ ಹಿಗ್ಗಿದ ಲೋಹ ಆ ಸಂದನ್ನು ಮುಚ್ಚುತ್ತದೆ, ಜೋಡಣೆಯ ಅಂಚಿನ ಕಪ್ಪು ಮಸಿಯೇ ಸೋರಿಕೆಯ ಗುರುತು. ಇಂಥ ಸದ್ದು ಕೇಳಿದವರು ಮೊದಲು ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ನೋಡಿ, ಅವಧಿ ಮೀರಿದ್ದರೆ ಫಿಲ್ಟರ್ ಸಹಿತ ಬದಲಿಸಿ, ಕೈಪಿಡಿ ಸೂಚಿಸಿದ ದರ್ಜೆಯನ್ನೇ ತುಂಬಿಸುವುದು ಒಳಿತು. 5ಡಬ್ಲ್ಯು-30 ಎಂಬಲ್ಲಿನ 5, ಚಳಿಯಲ್ಲಿ ಆಯಿಲ್ ಎಷ್ಟು ಸುಲಭವಾಗಿ ಹರಿಯುತ್ತದೆಂಬುದನ್ನು ತಿಳಿಸುತ್ತದೆ. ಬಿಸಿಯಾದ ಬಳಿಕವೂ ಸದ್ದು ನಿಲ್ಲದಿದ್ದರೆ ಗೇಜ್‌ನಿಂದ ಆಯಿಲ್ ಒತ್ತಡವನ್ನು ಅಳೆಸಬೇಕು. ಆಯಿಲ್ ಒತ್ತಡದ ಎಚ್ಚರಿಕೆಯ ದೀಪ ಹೊತ್ತಿದರಂತೂ ಎಂಜಿನನ್ನು ತಕ್ಷಣ ನಿಲ್ಲಿಸಬೇಕು.