ಸಂಪರ್ಕ ನಮೂನೆ: ಕೇಳಬೇಕಾದುದು ಎಷ್ಟು?

ಸ್ವಂತ ಜಾಲತಾಣವುಳ್ಳವರು ಓದುಗರ ಪತ್ರಗಳಿಗಾಗಿ ತಮ್ಮ ಇ-ಮೇಲ್ ವಿಳಾಸವನ್ನು ಪುಟದಲ್ಲಿಯೇ ಪ್ರಕಟಿಸುವುದುಂಟು. ಇಂತಹ ವಿಳಾಸಗಳನ್ನು ಹೆಕ್ಕಿ ತೆಗೆಯುವ ಪ್ರೋಗ್ರಾಮುಗಳಿಂದ ಅನಗತ್ಯ ಪತ್ರಗಳ ಹಾವಳಿ ಉಂಟಾಗುತ್ತದೆ. ವಿಳಾಸವನ್ನು ತೋರಿಸದೆ ಪತ್ರವನ್ನು ತಲುಪಿಸುವ ಸಾಧನವೇ ಸಂಪರ್ಕ ನಮೂನೆ.

ಇದರಲ್ಲಿ ಹೆಸರು, ಇ-ಮೇಲ್ ವಿಳಾಸ, ಸಂದೇಶ ಎಂಬ ಮೂರು ಅಂಕಣಗಳಿದ್ದರೆ ಸಾಕು. ಉತ್ತರ ಬರೆಯಲು ಜನ್ಮದಿನಾಂಕವಾಗಲಿ, ಮನೆಯ ವಿಳಾಸವಾಗಲಿ ಬೇಕಾಗಿಲ್ಲ. ಒಪ್ಪಿಗೆ ಪಡೆದು ಸಂಗ್ರಹಿಸುವ ಮಾಹಿತಿಯು ತಿಳಿಸಿದ ಉದ್ದೇಶಕ್ಕೆ ಅವಶ್ಯವಾದಷ್ಟೇ ಇರಬೇಕೆಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ತತ್ವ. ವ್ಯಕ್ತಿಯು ಕೇವಲ ಸ್ವಂತ ಕಾರ್ಯಕ್ಕಾಗಿ ಬಳಸುವ ಮಾಹಿತಿಗೆ ಈ ಅಧಿನಿಯಮವು ಅನ್ವಯಿಸದಿದ್ದರೂ, ತತ್ವವು ಎಲ್ಲರಿಗೂ ಅನುಕರಣೀಯ.

ಹೆಸರಿಗೆ ಒಂದೇ ಅಂಕಣವಿರಲಿ. ಕನ್ನಡಿಗರಲ್ಲಿ ಅನೇಕರು ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರವನ್ನಷ್ಟೇ ಬಳಸುತ್ತಾರೆ. ಕುಲನಾಮವನ್ನು ಕಡ್ಡಾಯಗೊಳಿಸಿದರೆ ಅಂಥವರಿಗೆ ತೊಡಕಾಗುತ್ತದೆ. ಕನ್ನಡ ಲಿಪಿಯು ಕೆಡದಂತೆ ಪುಟಕ್ಕೆ ಯುಟಿಎಫ್-8 ಸಂಕೇತ ಕ್ರಮವನ್ನು ನಿಗದಿಪಡಿಸತಕ್ಕದ್ದು.

ನಮೂನೆಯು ತಾನಾಗಿಯೇ ಪತ್ರವನ್ನು ಕಳುಹಿಸಲಾರದು. ಅದನ್ನು ಸ್ವೀಕರಿಸಿ ರವಾನಿಸುವ ಪ್ರೋಗ್ರಾಮು ಸರ್ವರಿನಲ್ಲಿರಬೇಕು. ಪತ್ರವು ದಾರಿಯಲ್ಲಿ ಕಳೆದುಹೋದರೆ ಬರೆದವರಿಗೂ ತಿಳಿಯದು, ಪಡೆಯಬೇಕಾದವರಿಗೂ ತಿಳಿಯದು. ಆದುದರಿಂದ ನಮೂನೆಯನ್ನು ಸಾರ್ವಜನಿಕರಿಗೆ ತೆರೆಯುವ ಮುನ್ನ ಕನ್ನಡದಲ್ಲಿಯೇ ಒಂದು ಪತ್ರವನ್ನು ಬರೆದು, ಅದು ಸರಿಯಾಗಿ ತಲುಪಿತೇ ಎಂದು ಪರೀಕ್ಷಿಸುವುದು ಅವಶ್ಯ.