ಗರಿ, ನೂಲು, ಗಾಳ: ಮಗುವಿನ ಮೇಜಿನ ಮೇಲೆ ಯಾರ ಕ್ರಮ?

ಅಮೆರಿಕದ ಸ್ಕೌಟ್ ಮಕ್ಕಳು ಗಳಿಸುವ ಪದಕಗಳಲ್ಲಿ ಫ್ಲೈ ಫಿಶಿಂಗ್ ಕೂಡ ಒಂದು. ಅದು ದಕ್ಕಬೇಕಾದರೆ ಕನಿಷ್ಠ ಎರಡು ಬಗೆಯ ಫ್ಲೈಗಳನ್ನು ಸ್ವಂತ ಕೈಯಿಂದ ಕಟ್ಟಿರಬೇಕು. ಅಲ್ಲಿ ನೆಲೆಸಿರುವ ಕನ್ನಡದ ಮನೆಯೊಳಗೆ ಈ ಹವ್ಯಾಸ ಕಾಲಿಡಲು ಅಷ್ಟು ಸಾಕು. ಫ್ಲೈ ಎಂದರೆ ಗಾಳಕ್ಕೆ ಗರಿ, ಕೂದಲು, ನೂಲು ಸುತ್ತಿ ಮೀನಿನ ಕಣ್ಣಿಗೆ ಹುಳದಂತೆಯೋ ಮರಿಮೀನಿನಂತೆಯೋ ಕಾಣಿಸುವ ಹುಸಿ ತಿನಿಸು. ಪದಕ ಬಂದ ಮೇಲೂ ಕಟ್ಟುವ ಕೆಲಸ ನಿಲ್ಲುವುದಿಲ್ಲ. ಓದುವ ಮೇಜಿನ ಅರ್ಧ ಭಾಗವನ್ನು ಕೋಳಿಗರಿ, ಜಿಂಕೆಕೂದಲು, ಬಣ್ಣದ ಉಣ್ಣೆ ಆಕ್ರಮಿಸುತ್ತವೆ. ಆಗ ಅಪ್ಪ ಅಮ್ಮನ ದೂರು ಒಂದೇ: ಎಷ್ಟು ಸಲ ಜೋಡಿಸಿಟ್ಟರೂ ಮರುದಿನ ಅದೇ ರಾಡಿ.

ಈ ರಾಡಿ ಹುಟ್ಟುವುದು ಎಲ್ಲಿಂದ ಎಂದು ನೋಡೋಣ. ಮಗುವಿನ ಪಕ್ಕದಲ್ಲಿ ಕಾಲು ಗಂಟೆ ಸುಮ್ಮನೆ ಕುಳಿತರೆ ಮುಕ್ಕಾಲು ಉತ್ತರ ಸಿಗುತ್ತದೆ. ಹೊಸಬರು ಹೆಚ್ಚಾಗಿ ಕಟ್ಟುವ ವೂಲಿ ಬಗ್ಗರ್ ಎಂಬ ಫ್ಲೈಯನ್ನೇ ತೆಗೆದುಕೊಳ್ಳಿ. ಗಾಳವನ್ನು ಕಚ್ಚಿ ಹಿಡಿಯುವ ವೈಸ್ ಎಂಬ ಇಕ್ಕಳಕ್ಕೆ ಗಾಳ ಸಿಕ್ಕಿಸಿ, ಮೊದಲು ನೂಲಿನ ತಳ ಹಾಕಬೇಕು. ಬಾಲಕ್ಕೆ ಮೆತ್ತನೆಯ ಮರಾಬು ಗರಿ, ಮೈಗೆ ಶೆನೀಲ್ ಎಂಬ ಜೂಲುದಾರ, ಅದರ ಮೇಲೆ ಸುರುಳಿಯಾಗಿ ಕೋಳಿಯ ಕತ್ತಿನ ಗರಿ, ಕೊನೆಯಲ್ಲಿ ಗಂಟು. ಪ್ರತಿ ಹಂತದಲ್ಲೂ ಎಡಗೈ ಏನನ್ನೋ ಅದುಮಿ ಹಿಡಿದಿರುತ್ತದೆ. ನೂಲಿನ ಉಂಡೆ ಕೂತಿರುವ ಬಾಬಿನ್ ತನ್ನ ಭಾರದಿಂದಲೇ ಜೋತು ಎಳೆತವನ್ನು ಕಾಯುತ್ತದೆ, ಹಾಗಾಗಿ ಬಲಗೈಗೆ ಒಂದಿಷ್ಟು ಬಿಡುವು. ಆ ಬಿಡುವಿನಲ್ಲಿ ಮುಂದಿನ ವಸ್ತು ಕೈಗೆ ಸಿಗಬೇಕು. ಸಿಗದಿದ್ದರೆ ಹಿಡಿತ ಸಡಿಲುತ್ತದೆ, ಗರಿ ತಿರುಚಿಕೊಳ್ಳುತ್ತದೆ, ಮೊದಲಿನಿಂದ ಶುರು.

ಹೊರಗಿನಿಂದ ಕಾಣದ ಇನ್ನೊಂದು ಭಾರವೂ ಇದೆ. ಮಾಡುತ್ತಿರುವ ಕೆಲಸದ ಹಂತಗಳನ್ನು ಆ ಗಳಿಗೆಗೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿಗೆ ಮನೋವಿಜ್ಞಾನಿಗಳು ವರ್ಕಿಂಗ್ ಮೆಮೊರಿ ಎನ್ನುತ್ತಾರೆ. ಕೆಲಸದ ನೆನಪು ಎಂದುಕೊಳ್ಳಿ. ದೊಡ್ಡವರಲ್ಲೇ ಅದರ ಅಳತೆ ಚಿಕ್ಕದು, ಮಕ್ಕಳಲ್ಲಿ ಅದು ಇನ್ನೂ ಬೆಳೆಯುತ್ತಿರುತ್ತದೆ. ಮುಂದಿನ ಹಂತದ ಗರಿಯನ್ನು ಕಣ್ಣೆದುರೇ ಇಟ್ಟುಕೊಂಡ ಮಗು ನೆನಪಿನ ಕೆಲಸವನ್ನು ಮೇಜಿಗೆ ವಹಿಸುತ್ತಿದೆ. ನಮಗೆ ಚೆಲ್ಲಾಪಿಲ್ಲಿಯಾಗಿ ಕಂಡದ್ದು ಬಹಳ ಸಲ ಅದರ ಹಂತಗಳ ಪಟ್ಟಿ.

ನಾವು ಜೋಡಿಸುವ ರೀತಿ ಬೇರೆ. ಗರಿಗಳೆಲ್ಲ ಒಂದು ಡಬ್ಬಿಗೆ, ನೂಲುಗಳೆಲ್ಲ ಇನ್ನೊಂದಕ್ಕೆ, ಕತ್ತರಿ ಡ್ರಾಯರಿಗೆ. ಇದು ಅಂಗಡಿಯ ಕ್ರಮ, ಕೆಲಸಗಾರನದ್ದಲ್ಲ. ಅಡುಗೆಮನೆಯಲ್ಲಿ ಈ ವ್ಯತ್ಯಾಸ ನಮಗೆ ಚೆನ್ನಾಗಿಯೇ ಗೊತ್ತು: ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆ, ಜೀರಿಗೆ, ಉದ್ದಿನಬೇಳೆ, ಇಂಗು ಒಟ್ಟಿಗೆ ಕೂತಿರುವುದು ಅವು ಒಂದೇ ಜಾತಿ ಎಂದಲ್ಲ, ಎಣ್ಣೆ ಕಾದಾಗ ಒಂದರ ಹಿಂದೆ ಒಂದು ಬೇಕು ಎಂದು. ಮಗು ಮಲಗಿದ ಮೇಲೆ ಪ್ರೀತಿಯಿಂದಲೇ ಮೇಜನ್ನು ಚೊಕ್ಕಟ ಮಾಡುವ ತಾಯಿ ಈ ಸರಣಿಯನ್ನು ಅಳಿಸುತ್ತಾಳೆ. ಮರುದಿನದ ಸಿಡುಕಿಗೆ ಸೊಕ್ಕು ಕಾರಣವಲ್ಲ. ನಿಲ್ಲಿಸಿದ ಜಾಗ ಕಳೆದುಹೋಗಿದೆ, ಅಷ್ಟೆ.

ಆದ್ದರಿಂದ ಹಂಚಿಕೆ ಹೀಗಿರಲಿ: ಮೇಜಿನ ಗಡಿ ಮತ್ತು ಸುರಕ್ಷೆ ನಿಮ್ಮ ಪಾಲು, ಗಡಿಯೊಳಗಿನ ಕ್ರಮ ಮಗುವಿನ ಪಾಲು. ಅಂಚು ಎತ್ತರವಿರುವ ಅಗಲವಾದ ತಟ್ಟೆಯೊಂದನ್ನು ಕೊಡಿ. ಅದರೊಳಗೆ ಹೇಗಿದ್ದರೂ ಸರಿ, ಅದರಾಚೆ ಏನೂ ಇರಬಾರದು. ಊಟಕ್ಕೆ ಮೇಜು ಬೇಕಾದಾಗ ತಟ್ಟೆಯನ್ನೇ ಎತ್ತಿಟ್ಟರೆ ಕೆಲಸ ಇದ್ದಲ್ಲೇ ಉಳಿಯುತ್ತದೆ. ಒಂದು ಫ್ಲೈಗೆ ಬೇಕಾದ ಗಾಳ, ನೂಲು, ಗರಿ ಎಲ್ಲವನ್ನೂ ಒಂದೇ ಜಿಪ್ ಚೀಲದಲ್ಲಿ ಹಾಕಿ ಮೇಲೆ ಹೆಸರು ಬರೆಯುವುದನ್ನು ಕಲಿಸಿ. ಆ ಹೊತ್ತಿಗೆ ಒಂದು ಚೀಲ ಮಾತ್ರ ತೆರೆದಿರಲಿ. ವಸ್ತುಗಳೇ ಕಡಿಮೆ ಬೇಕಾಗುವ ಮಾದರಿಗಳಿಂದ ಶುರು ಮಾಡುವುದೂ ಜಾಣತನ. ಇಂಗ್ಲೆಂಡಿನ ಏವನ್ ನದಿಯ ಪಾಲಕನಾಗಿದ್ದ ಫ್ರಾಂಕ್ ಸಾಯರ್ ರೂಪಿಸಿದ ಫೆಸೆಂಟ್ ಟೇಲ್ ಎಂಬ ಫ್ಲೈಗೆ ಫೆಸೆಂಟ್ ಹಕ್ಕಿಯ ಬಾಲದ ಗರಿ ಮತ್ತು ತೆಳುವಾದ ತಾಮ್ರದ ತಂತಿ ಎರಡೇ ಸಾಕು, ನೂಲೂ ಬೇಡ. ಅಂಗಡಿಗಳು ಮಾರುವ ನಲವತ್ತು ವಸ್ತುಗಳ ಕಿಟ್ಟು ಹೊಸಬರಿಗೆ ಉಪಕಾರಕ್ಕಿಂತ ಉಪದ್ರವವೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ವೈಸ್‌ನ ಎತ್ತರ ಎದೆಯ ಮಟ್ಟಕ್ಕಿದ್ದು ಮೊಣಕೈ ಮೇಜಿಗೆ ಒರಗುವಂತಿದ್ದರೆ ಕತ್ತು ಬಾಗುವುದಿಲ್ಲ. ಗಾಳದ ಹಿಂದೆ ತಿಳಿ ಬಣ್ಣದ ಒಂದು ಖಾಲಿ ಹಾಳೆ ನಿಲ್ಲಿಸಿದರೆ ಕಣ್ಣಿನ ಶ್ರಮ ಎಷ್ಟೋ ಇಳಿಯುತ್ತದೆ. ಮಗು ಎಡಚವಾಗಿದ್ದರೆ ವೈಸನ್ನು ಇನ್ನೊಂದು ಬದಿಗೆ ತಿರುಗಿಸಿ ಕೂರಿಸಿ, ಬಲಗೈಯವರ ಹಾಗೆ ಕಟ್ಟು ಎಂದು ಒತ್ತಾಯಿಸಬೇಡಿ. ಗಾಳದ ಡಬ್ಬಿಗಳಿಗೆ ಅಂಕಿ ಬರೆಯುವಾಗ ದೊಡ್ಡವರೇ ಎಡವುತ್ತಾರೆ: 16 ಎಂಬ ಗಾಳ 10ಕ್ಕಿಂತ ಚಿಕ್ಕದು.

ಇನ್ನು ನಿಮ್ಮ ಪಾಲಿನ ಕೆಲಸ. ಇದರಲ್ಲಿ ರಿಯಾಯಿತಿ ಬೇಡ. ನಾವು ಮನೆಯೊಳಗೆ ಬರಿಗಾಲಲ್ಲಿ ಓಡಾಡುವವರು, ಊರಿಂದ ಬಂದ ಅಜ್ಜಿ ನೆಲದ ಮೇಲೆ ಕೂರುವವರು, ಅಂಬೆಗಾಲಿಡುವ ತಮ್ಮನೋ ತಂಗಿಯೋ ಇರಬಹುದು. ಹಾಗಾಗಿ ಗಾಳಗಳನ್ನು ಎಣಿಸಿ ತೆಗೆಯುವುದು, ಎಣಿಸಿ ಒಳಗಿಡುವುದು ನಿಯಮವಾಗಲಿ. ತುದಿಯ ಹಿಂಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡುವುದಾದರೆ ಕಟ್ಟುವ ಮೊದಲೇ ಮಾಡಲಿ. ಕೆಲವು ಗಾಳಗಳು ಆಗ ಮುರಿಯುತ್ತವೆ, ಕಟ್ಟಿದ ಮೇಲೆ ಮುರಿದರೆ ಶ್ರಮವೂ ವ್ಯರ್ಥ. ನೆಲಕ್ಕೆ ಬಿದ್ದ ಗಾಳ ಹುಡುಕಲು ಹಿಡಿಯಿರುವ ದೊಡ್ಡ ಅಯಸ್ಕಾಂತ ಒಳ್ಳೆಯದು. ಗುಂಡಿಯಷ್ಟು ಚಿಕ್ಕ, ಬಲವಾದ ಅಯಸ್ಕಾಂತಗಳು ಮಾತ್ರ ಚಿಕ್ಕ ಮಕ್ಕಳಿರುವ ಮನೆಗೆ ಬೇಡ. ಎರಡು ನುಂಗಿದರೆ ಕರುಳಿನ ಗೋಡೆಯ ಆಚೀಚೆ ಅವು ಒಂದನ್ನೊಂದು ಸೆಳೆದು ತೂತು ಮಾಡಬಲ್ಲವು. ಭಾರಕ್ಕೆ ಸುತ್ತುವ ತಂತಿ ಸೀಸವಿಲ್ಲದ್ದಾಗಿರಲಿ. ಅಂಟಿನ ಶೀಶೆ ಉರುಳದಂತೆ ಅದನ್ನು ಸ್ಪಂಜಿನ ತುಂಡಿನಲ್ಲಿ ಕೊರೆದ ಕುಳಿಯಲ್ಲಿಡಿ, ಕಿಟಕಿ ತೆರೆದಿರಲಿ. ಹಿಂಮುಳ್ಳಿರುವ ಗಾಳ ಬೆರಳಿಗೆ ಆಳವಾಗಿ ನಾಟಿದರೆ ಮನೆಯಲ್ಲಿ ಎಳೆಯದೆ ವೈದ್ಯರ ಬಳಿ ಹೋಗಿ, ಧನುರ್ವಾಯು ಲಸಿಕೆಯ ಬಗ್ಗೆ ಕೇಳಿ.

ಗರಿಗಳ ಬಗ್ಗೆ ಒಂದು ಎಚ್ಚರಿಕೆ. ಚಿಟ್ಟೆಯಂಥ ನುಸಿ ಮತ್ತು ಕಾರ್ಪೆಟ್ ಬೀಟಲ್ ಎಂಬ ಪುಟ್ಟ ದುಂಬಿ ಇವನ್ನು ತಿನ್ನುತ್ತವೆ, ಆಮೇಲೆ ಬೀರುವಿನ ರೇಷ್ಮೆ ಸೀರೆಗೂ ಬರುತ್ತವೆ. ಕೂಡಲೇ ನುಸಿಗುಳಿಗೆ ನೆನಪಾಗುವುದು ಸಹಜ. ಮಗು ಮಲಗುವ ಕೋಣೆಯಲ್ಲಿ ಅದು ಬೇಡ. ಅದರಲ್ಲಿನ ನ್ಯಾಫ್ತಲೀನ್, ಜಿ6ಪಿಡಿ ಕೊರತೆ ಇರುವ ಮಕ್ಕಳಲ್ಲಿ, ಅಂದರೆ ಕೆಂಪು ರಕ್ತಕಣಗಳನ್ನು ಕಾಯುವ ಕಿಣ್ವವೊಂದು ಹುಟ್ಟಿನಿಂದಲೇ ಕಡಿಮೆ ಇರುವವರಲ್ಲಿ, ರಕ್ತಕಣಗಳನ್ನು ಒಡೆಯಬಲ್ಲದು. ಹೊಸದಾಗಿ ತಂದ ಗರಿಯನ್ನು ಬಿಗಿಯಾದ ಚೀಲದಲ್ಲಿ ಮುಚ್ಚಿ ಕೆಲವು ದಿನ ಫ್ರೀಜರಿನಲ್ಲಿಟ್ಟು, ಹೊರತೆಗೆದು, ಮತ್ತೊಮ್ಮೆ ಇಟ್ಟರೆ ಸಾಕು.

ಕೊನೆಗೆ ಎತ್ತಿಡುವ ಹೊತ್ತು. ಹೆಚ್ಚಿನ ಜಗಳ ಇಲ್ಲಿಯೇ. ಮುಳುಗಿದ್ದ ಕೆಲಸದಿಂದ ಮನಸ್ಸನ್ನು ಎಬ್ಬಿಸಿ ಇನ್ನೊಂದಕ್ಕೆ ಹಚ್ಚುವುದು ಮಕ್ಕಳಿಗೆ ನಿಜಕ್ಕೂ ಕಷ್ಟ, ದಣಿದಾಗಲಂತೂ ಇನ್ನೂ. ‘ಈಗಲೇ ಎತ್ತಿಡು’ ಎನ್ನುವ ಬದಲು ‘ಈ ಫ್ಲೈ ಮುಗಿದ ಮೇಲೆ ಹೊಸದು ಬೇಡ’ ಎಂದರೆ ನಿಲ್ಲಿಸುವ ಗೆರೆ ಕೆಲಸದೊಳಗೇ ಸಿಗುತ್ತದೆ. ಮೇಜಿನ ಅಂಚಿಗೆ ಒಂದು ಬಾಯಗಲದ ಚೀಲ ಕಟ್ಟಿ, ಕತ್ತರಿಸಿದ ಚೂರುಗಳನ್ನು ಮಗುವೇ ಅದಕ್ಕೆ ಗುಡಿಸಲಿ. ಗಾಳದ ಎಣಿಕೆ ನೀವು ಜೊತೆಗೆ ನಿಂತು ಮಾಡಿ.

ಸಸ್ಯಾಹಾರಿ ಮನೆಗಳಲ್ಲಿ ಕೋಳಿಗರಿ, ಜಿಂಕೆಕೂದಲು ಕಂಡರೇ ಕಸಿವಿಸಿ. ಅದನ್ನು ಅಚ್ಚುಕಟ್ಟಿನ ಜಗಳವಾಗಿ ವೇಷ ಬದಲಿಸಿ ಹೇಳಬೇಡಿ, ಮಕ್ಕಳಿಗೆ ಅದು ತಿಳಿಯುತ್ತದೆ. ನೇರವಾಗಿ ಮಾತಾಡಿ. ಕೃತಕ ನೂಲು, ಫೋಮ್‌ಗಳಿಂದ ಕಟ್ಟುವ ಮಾದರಿಗಳು ಎಷ್ಟೋ ಇವೆ, ಹಿಡಿದ ಮೀನನ್ನು ನೀರಿಗೇ ಬಿಡುವ ರೂಢಿಯೂ ಇದೆ. ಗರಿ ಎಲ್ಲಿಂದ ಬಂತು ಎಂಬ ಪ್ರಶ್ನೆ ಎಲ್ಲ ಮನೆಗಳಲ್ಲೂ ಏಳಬೇಕಾದದ್ದೇ. 2009ರಲ್ಲಿ ಇಂಗ್ಲೆಂಡಿನ ಟ್ರಿಂಗ್‌ನ ಮ್ಯೂಸಿಯಂನಿಂದ 299 ಹಕ್ಕಿಗಳ ಚರ್ಮ ಕದ್ದವನು ಬಾಲ್ಯದಲ್ಲೇ ಫ್ಲೈ ಕಟ್ಟಲು ಕಲಿತಿದ್ದ ಸಂಗೀತ ವಿದ್ಯಾರ್ಥಿ. ಹೆದರಿಸಲು ಹೇಳುತ್ತಿಲ್ಲ, ಅಪರೂಪದ ಗರಿಯ ಆಸೆ ಎಷ್ಟು ದೂರ ಒಯ್ಯಬಹುದೆಂದು ದೊಡ್ಡ ಮಗುವಿನ ಜೊತೆ ಮಾತಾಡಲು ಅದೊಂದು ನೆಪ. ನವಿಲುಗರಿಯ ಎಳೆ ಅನೇಕ ಫ್ಲೈಗಳಿಗೆ ಬೇಕು, ಊರಿನ ಮನೆಯಲ್ಲಿ ಉದುರಿದ ಗರಿ ಬೇಕಾದಷ್ಟು ಸಿಗುತ್ತದೆ ಎಂದು ಅಜ್ಜ ಕಟ್ಟಿ ಕೊಡಬಹುದು. ಭಾರತದಿಂದ ನವಿಲುಗರಿ ಹೊರಗೆ ಕೊಂಡೊಯ್ಯುವಂತಿಲ್ಲ, ಅಜ್ಜನಿಗೆ ಮೊದಲೇ ಹೇಳಿಡಿ.