‘ಮೈಲ್ಡ್’, ‘ಸಿವಿಯರ್’ ಎಂದು ಬರೆಯುವ ಮುನ್ನ

ಮಗಳೇ,

ಓದು ಮುಗಿಸಿ ಜಿಲ್ಲಾ ಆಸ್ಪತ್ರೆಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಹೊರಟಿದ್ದೀಯ. ಬಹಳ ಸಂತೋಷ. ಆಟಿಸಂ ಎಂದು ನೀನು ಹೇಳಿದ ಮರುಗಳಿಗೆ ಎದುರಿಗೆ ಕೂತ ತಂದೆತಾಯಿ ಕೇಳುವುದು ಒಂದೇ ಮಾತು: “ಮೈಲ್ಡಾ ಮೇಡಂ, ಸಿವಿಯರಾ?” ನೀನು ಕೊಡುವ ಒಂದು ಪದದ ಉತ್ತರವನ್ನು ಅವರು ಅಜ್ಜಿಗೆ ಹೇಳುತ್ತಾರೆ, ಶಾಲೆಯ ಹೆಡ್‌ಮಾಸ್ಟರಿಗೆ ಹೇಳುತ್ತಾರೆ, ಮುಂದೆ ಎಷ್ಟೋ ವರ್ಷ ಅದನ್ನೇ ಹೇಳುತ್ತಿರುತ್ತಾರೆ. ಆದ್ದರಿಂದ ಆ ಪದ ಎಲ್ಲಿಂದ ಬಂತು, ಎಷ್ಟರ ಮಟ್ಟಿಗೆ ನಿಜ ಎಂಬುದು ಬರೆಯುವ ನಿನಗೆ ತಿಳಿದಿರಬೇಕು. ನಾನು ಹೇಳಬೇಕೆಂದಿರುವುದೆಲ್ಲ ಅದರ ಬಗ್ಗೆಯೇ.

ಥರ್ಮಾಮೀಟರ್ ಇಟ್ಟು ಜ್ವರ ನೋಡಿದ ಹಾಗೆ ಆಟಿಸಂನ ತೀವ್ರತೆ ನೋಡಲು ಬರುವುದಿಲ್ಲ. ಅದಕ್ಕೆ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಮಗುವನ್ನು ನೋಡಿ, ಮನೆಯವರನ್ನು ಕೇಳಿ, ನಾವೇ ಅಂಕ ಹಾಕುವ ಪಟ್ಟಿಗಳಿವೆ, ಅಷ್ಟೇ. ಮೊದಲು ತಿಳಿಯಬೇಕಾದದ್ದು ಇದು: ಒಂದೊಂದು ಪಟ್ಟಿಯೂ ಕೇಳುವ ಪ್ರಶ್ನೆ ಬೇರೆ ಬೇರೆ.

ಕಾರ್ಸ್ ಪಟ್ಟಿಯಲ್ಲಿ 15 ಅಂಶಗಳಿವೆ. ಒಂದೊಂದಕ್ಕೂ 1ರಿಂದ 4ರವರೆಗೆ ಅಂಕ, ನಡುವೆ ಅರ್ಧ ಅಂಕವೂ ಉಂಟು. ಮಗುವಿನ ನಡವಳಿಕೆ ಆ ವಯಸ್ಸಿನ ಬೇರೆ ಮಕ್ಕಳಿಗಿಂತ ಎಷ್ಟು ಭಿನ್ನ ಎಂದು ಅದು ಕೇಳುತ್ತದೆ. ಒಟ್ಟು 30ರಿಂದ 36.5 ಬಂದರೆ ಸೌಮ್ಯದಿಂದ ಮಧ್ಯಮ, 37 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೀವ್ರ. ನಮ್ಮ ದೇಶದ್ದೇ ಆದ ಐಎಸ್‌ಎಎ ಸಿಕಂದರಾಬಾದಿನ ಬೌದ್ಧಿಕ ಅಂಗವೈಕಲ್ಯದ ರಾಷ್ಟ್ರೀಯ ಸಂಸ್ಥೆಯಲ್ಲಿ ರೂಪುಗೊಂಡದ್ದು. ಅದರಲ್ಲಿ ಆರು ವಿಭಾಗ, 40 ಅಂಶ; ಅಂಕ 1ರಿಂದ 5. ಆ ನಡವಳಿಕೆ ಎಷ್ಟು ಹೊತ್ತು ಕಾಣುತ್ತದೆ ಎಂಬುದೇ ಅಲ್ಲಿ ಮುಖ್ಯ: ಶೇ 20ರವರೆಗೆ ಕಂಡರೆ 1, ಶೇ 80ಕ್ಕಿಂತ ಹೆಚ್ಚು ಕಂಡರೆ 5. ಒಟ್ಟು 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೆ ಮೇಲ್ಪಟ್ಟದ್ದು ತೀವ್ರ. ಇನ್ನು 2013ರಲ್ಲಿ ಬಂದ, ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿ ಡಿಎಸ್‌ಎಂ-5 ಕೇಳುವುದೇ ಬೇರೆ. ಈ ವ್ಯಕ್ತಿಗೆ ಎಷ್ಟು ನೆರವು ಬೇಕು? ನೆರವು ಬೇಕಾದರೆ ಒಂದನೆಯ ಹಂತ, ಸಾಕಷ್ಟು ನೆರವು ಬೇಕಾದರೆ ಎರಡನೆಯದು, ಬಹಳ ಹೆಚ್ಚಿನ ನೆರವು ಬೇಕಾದರೆ ಮೂರನೆಯದು.

ಎಷ್ಟು ಭಿನ್ನ, ಎಷ್ಟು ಹೊತ್ತು, ಎಷ್ಟು ನೆರವು. ಮೂರು ಪ್ರಶ್ನೆಗೆ ಮೂರು ಉತ್ತರ ಬಂದರೆ ಗಾಬರಿಯಾಗಬೇಡ, ಒಂದು ಸರಿ ಇನ್ನೊಂದು ತಪ್ಪು ಅಂತಲೂ ತೀರ್ಮಾನಿಸಬೇಡ. ತನ್ನ ತಲೆಯನ್ನು ತಾನೇ ಗೋಡೆಗೆ ಬಡಿದುಕೊಳ್ಳುವ ಮಗುವನ್ನು ಯೋಚಿಸು. ಅದು ವಾರಕ್ಕೊಮ್ಮೆ ಮಾತ್ರ ಹಾಗೆ ಮಾಡಿದರೆ, ಹೊತ್ತಿನ ಲೆಕ್ಕದಲ್ಲಿ ಆ ಅಂಶಕ್ಕೆ ಸಿಗುವುದು ಅತಿ ಕಡಿಮೆ ಅಂಕ. ಆದರೆ ಆ ಒಂದು ಸಲಕ್ಕಾಗಿ ಮನೆಯವರು ಏಳೂ ದಿನ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ಕೈಗಳನ್ನು ಸದಾ ಪಟಪಟ ಆಡಿಸುವ ಮಗುವಿಗೆ ಅಂಕ 5 ಬರುತ್ತದೆ, ಅದರಿಂದ ಯಾರಿಗೂ ಏನೂ ತೊಂದರೆ ಇಲ್ಲದೇ ಇರಬಹುದು. ಕೂಡಿಸಿದ ಮೊತ್ತದಲ್ಲಿ ಇವೆರಡೂ ಕರಗಿ ಹೋಗುತ್ತವೆ. ಅದಕ್ಕೇ ಹೇಳುವುದು, ಮೊತ್ತ ಬರೆದ ಮೇಲೆ ಮತ್ತೆ ಒಂದೊಂದೇ ಸಾಲಿಗೆ ಹಿಂತಿರುಗಿ ನೋಡು.

ನಿನ್ನ ಕೋಣೆಯಲ್ಲಿ ಕಂಡದ್ದನ್ನೇ ನಂಬಿಕೊಂಡು ಕೂರಬೇಡ. ನಾಲ್ಕು ವರ್ಷದ ಹುಡುಗನೊಬ್ಬ ನನ್ನಲ್ಲಿಗೆ ಬಂದಿದ್ದ. ಗೋಡೆ ಪಕ್ಕ ಕೂತು ಆಟಿಕೆ ಕಾರುಗಳನ್ನು ಸಾಲಾಗಿ ಜೋಡಿಸುತ್ತ ಹೋದ. ಒಂದಿಷ್ಟೂ ಗಲಾಟೆ ಇಲ್ಲ. ಹೆಸರು ಹಿಡಿದು ಕರೆದರೆ ಆಗೊಮ್ಮೆ ಈಗೊಮ್ಮೆ ತಿರುಗಿಯೂ ನೋಡಿದ. ಅಷ್ಟನ್ನು ಮಾತ್ರ ನೋಡಿದವರು ಮೈಲ್ಡ್ ಎಂದೇ ಬರೆಯುತ್ತಿದ್ದರು. ಅವನ ತಾಯಿಯ ಎಡಗೈ ತುಂಬ ಹಲ್ಲಿನ ಗುರುತು ಇತ್ತು. ವಿಚಾರಿಸಿದೆ. ಕುಕ್ಕರ್ ಕೂಗಿದರೆ ಕಚ್ಚುತ್ತಾನಂತೆ. ಅದಕ್ಕೆ ಆಕೆ ಕುಕ್ಕರನ್ನೇ ಅಟ್ಟಕ್ಕೆ ಹಾಕಿ ಅನ್ನ ಬಸಿದು ಮಾಡುತ್ತಿದ್ದಳು. ಪಕ್ಕದ ಮನೆಯವರು ಕುಕ್ಕರ್ ಇಡುವ ಹೊತ್ತಿಗೆ ಅವನನ್ನು ಎತ್ತಿಕೊಂಡು ಬೀದಿಯ ಕೊನೆಗೆ ಹೋಗಿ ನಿಲ್ಲುತ್ತಿದ್ದಳು. ಮೊಸರನ್ನ, ಬಿಸ್ಕತ್ತು ಬಿಟ್ಟು ಅವನು ಬೇರೇನೂ ಬಾಯಿಗಿಡುತ್ತಿರಲಿಲ್ಲ. ನಡುರಾತ್ರಿ ಎದ್ದರೆ ಮತ್ತೆ ನಿದ್ದೆ ಇಲ್ಲ. ನನ್ನ ಕೋಣೆಯಲ್ಲಿ ಅವನು ಶಾಂತನಾಗಿದ್ದದ್ದು ಅಲ್ಲಿ ಅವನನ್ನು ಕಾಡುವಂಥದ್ದು ಏನೂ ಇಲ್ಲದ್ದರಿಂದ. ಮನೆಯಲ್ಲಿ ಅವನ ಕಷ್ಟ ಎದ್ದು ಕಾಣದೇ ಇದ್ದದ್ದು, ಬೇಕಾದ ನೆರವನ್ನೆಲ್ಲ ತಾಯಿ ಮುಂಚಿತವಾಗಿಯೇ ಕೊಟ್ಟು ಮುಗಿಸುತ್ತಿದ್ದದ್ದರಿಂದ.

ಆದ್ದರಿಂದ ಮಗು ಏನು ಮಾಡುತ್ತದೆ ಎಂದು ಕೇಳಿದ ಹಾಗೆಯೇ, ಈ ಮಗುವಿಗಾಗಿ ನೀವು ಏನೇನು ಬಿಟ್ಟಿದ್ದೀರಿ ಎಂದೂ ಕೇಳು. ಮದುವೆ ಮನೆಗೆ ಹೋಗುವುದು ಬಿಟ್ಟೆವು, ಬಸ್ಸು ಹತ್ತುವುದು ಬಿಟ್ಟೆವು, ಊರ ಜಾತ್ರೆಗೆ ಹೋಗಿ ಮೂರು ವರ್ಷವಾಯಿತು ಎಂದು ಒಂದೊಂದಾಗಿ ಹೊರಗೆ ಬರುತ್ತದೆ. ಎಷ್ಟು ನೆರವು ಬೇಕು ಎಂಬ ಪ್ರಶ್ನೆಯ ನಿಜವಾದ ಉತ್ತರ ಅಲ್ಲಿರುತ್ತದೆ. ಹಲ್ಲುಜ್ಜುವುದು, ಊಟ, ಬಟ್ಟೆ, ಶೌಚ ಇವೆಲ್ಲ ಯಾರ ಕೈಯಲ್ಲಿ ಆಗುತ್ತಿದೆ ಎಂದು, ದಿನನಿತ್ಯದ ಸಾಮಾಜಿಕ ಪ್ರೌಢಿಮೆ ಅಳೆಯುವ ವಿಎಸ್‌ಎಂಎಸ್ ಮಾಡುವಾಗ ಸಾವಕಾಶವಾಗಿ ಕೇಳು. ಸರತಿ ಸಾಲಿನಲ್ಲಿ ಜನ ಕಾಯುತ್ತಿದ್ದಾರೆಂದು ಆ ಭಾಗವನ್ನು ಓಡಿಸಬೇಡ.

ಮನೆಯವರಲ್ಲ, ಮಗುವೇ ತನ್ನ ಕಷ್ಟವನ್ನು ಮುಚ್ಚಿಡುವುದೂ ಉಂಟು. ಏಳನೇ ತರಗತಿಯ ಹುಡುಗಿ, ಅಂಕಪಟ್ಟಿ ತುಂಬ ಎ ಪ್ಲಸ್. ಏನೂ ತೊಂದರೆ ಇಲ್ಲ, ಸ್ವಲ್ಪ ನಾಚಿಕೆ ಅಷ್ಟೇ ಎನ್ನುತ್ತಾರೆ ಟೀಚರ್. ಗೆಳತಿಯರು ನಕ್ಕಾಗ ನಗುವುದನ್ನು, ಮಾತಾಡುವವರ ಮುಖ ನೋಡುವುದನ್ನು ಅವಳು ಪಾಠದಂತೆ ಕಲಿತು ಒಪ್ಪಿಸುತ್ತಿರುತ್ತಾಳೆ. ಮನೆಗೆ ಬಂದವಳು ಯೂನಿಫಾರ್ಮ್ ಬಿಚ್ಚಿ ಎಸೆದು ಮಂಚದ ಕೆಳಗೆ ಹೋಗಿ ಮಲಗಿದರೆ ಕತ್ತಲಾಗುವವರೆಗೆ ಮಾತಿಲ್ಲ. ಕಲಿತುಕೊಂಡ ಉಪಾಯಗಳು ಲಕ್ಷಣಗಳನ್ನು ಮರೆಮಾಚಬಹುದು ಎಂದು ಡಿಎಸ್‌ಎಂ-5 ಹೇಳುತ್ತದೆ. ಹುಡುಗಿಯರಲ್ಲಿ ಇದು ಹೆಚ್ಚಾಗಿ ಕಣ್ತಪ್ಪುತ್ತದೆ. ಹೊರಗೆ ಕಾಣುವುದು ಕಡಿಮೆ ಎಂದು ಒಳಗಿನ ಶ್ರಮವೂ ಕಡಿಮೆ ಎಂದುಕೊಳ್ಳಬೇಡ.

ಇನ್ನೊಂದು ಎಚ್ಚರ. ಹಂತವನ್ನು ಒಂದೇ ಅಂಕೆಯಲ್ಲಿ ಬರೆದು ಕೈ ತೊಳೆದುಕೊಳ್ಳಬೇಡ. ಸಾಮಾಜಿಕ ಸಂವಹನಕ್ಕೆ ಒಂದು, ಸೀಮಿತ ಹಾಗೂ ಪುನರಾವರ್ತಿತ ನಡವಳಿಕೆಗೆ ಒಂದು ಎಂದು ಡಿಎಸ್‌ಎಂ-5 ಬೇರೆ ಬೇರೆಯಾಗಿಯೇ ಕೇಳುತ್ತದೆ. ಸಂವಹನದಲ್ಲಿ ಮೂರನೆಯ ಹಂತದ ಮಗು ನಡವಳಿಕೆಯಲ್ಲಿ ಒಂದನೆಯದರಲ್ಲಿ ಇರಬಹುದು. ಅದಕ್ಕೆ ಬೇಕಾದದ್ದು ಸ್ಪೀಚ್ ಥೆರಪಿ, ಚಿತ್ರ ತೋರಿಸಿ ಕೇಳುವ ವಿಧಾನ. ಮೂರು ಎಂದಷ್ಟೇ ಬರೆದರೆ ಶಾಲೆಯವರು ಬಾಗಿಲಲ್ಲೇ ಹೆದರಿ ನಿಲ್ಲುತ್ತಾರೆ. ಬುದ್ಧಿಮತ್ತೆಯನ್ನೂ ಮಾತನ್ನೂ ಆಟಿಸಂನ ತೀವ್ರತೆಯ ಜೊತೆ ಕಲಸಬೇಡ. 2022ರಿಂದ ಜಾರಿಯಲ್ಲಿರುವ, ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11ರಲ್ಲಿ ಹಂತಗಳೇ ಇಲ್ಲ. ಬೌದ್ಧಿಕ ಬೆಳವಣಿಗೆಯ ತೊಂದರೆ ಇದೆಯೇ, ಬಳಕೆಯ ಭಾಷೆ ಎಷ್ಟಿದೆ ಎಂದು ಪ್ರತ್ಯೇಕವಾಗಿ ನಮೂದಿಸಬೇಕು. ಮಾತು ಬರದ ಮಗುವನ್ನೆಲ್ಲ ಸಿವಿಯರ್ ಎನ್ನುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಆ ಸಾಲಿಗೆ ನೀನು ಸೇರಬೇಡ. ಕಿವಿಯ ಪರೀಕ್ಷೆ ಆಗದಿದ್ದರೆ ಮೊದಲು ಅದಕ್ಕೆ ಕಳಿಸು. ಮಲಬದ್ಧತೆ, ಹಲ್ಲುನೋವು, ನಿದ್ದೆಗೇಡು, ಫಿಟ್ಸ್ ಇವೆಯೇ ಕೇಳು. ಹೊಟ್ಟೆನೋವಿಗೆ ಕಿರುಚುವ ಮಗುವಿನ ಕಿರುಚಾಟವನ್ನು ಆಟಿಸಂನ ಖಾತೆಗೆ ಬರೆದರೆ ಅದಕ್ಕೆ ಮದ್ದು ಸಿಗುವುದೇ ಇಲ್ಲ.

ಅಂಗವೈಕಲ್ಯದ ಪ್ರಮಾಣಪತ್ರ ಕೊಡುವ ದಿನ ನಿನ್ನ ಮನಸ್ಸು ಗಟ್ಟಿ ಇರಬೇಕು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಆಟಿಸಂ 21 ಅಂಗವೈಕಲ್ಯಗಳಲ್ಲಿ ಒಂದು. ಹೆಚ್ಚಿನ ಸೌಲಭ್ಯಗಳಿಗೆ ಶೇ 40 ಅಂಗವೈಕಲ್ಯ ಇರಲೇಬೇಕು. ಐಎಸ್‌ಎಎ ಮೊತ್ತದಿಂದಲೇ ಆ ಶೇಕಡಾವಾರು ಬರುತ್ತದೆ. ಒಬ್ಬ ತಂದೆ ಸ್ವಲ್ಪ ಕಡಿಮೆ ಬರೆಯಿರಿ, ಶಾಲೆಗೆ ಸೇರಿಸಬೇಕು ಎನ್ನುತ್ತಾನೆ. ಇನ್ನೊಬ್ಬ ಸ್ವಲ್ಪ ಹೆಚ್ಚು ಬರೆಯಿರಿ, ಮಾಸಾಶನ ಸಿಗುತ್ತದೆ ಎನ್ನುತ್ತಾನೆ. ಇಬ್ಬರ ಕಷ್ಟವೂ ನಿಜ, ಇಬ್ಬರ ಮೇಲೂ ಸಿಡುಕಬೇಡ. ಅಂಕವನ್ನು ಮಾತ್ರ ಕಂಡಂತೆ, ಕೇಳಿದಂತೆ ಹಾಕು. ನೆರವು ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ತನ್ನ ಹಂತಗಳನ್ನು ಬಳಸಬಾರದು ಎಂದು ಡಿಎಸ್‌ಎಂ-5 ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಸರ್ಕಾರಕ್ಕೆ ಶೇಕಡಾವಾರಿನ ಕಾಗದ ಕೊಡು. ತಂದೆತಾಯಿಗೆ, ಈ ಮಗುವಿಗೆ ಯಾವ ಹೊತ್ತಿನಲ್ಲಿ ಯಾರಿಂದ ಏನು ಬೇಕು ಎಂದು ಸರಳ ಕನ್ನಡದಲ್ಲಿ ಬರೆದ ಇನ್ನೊಂದು ಕಾಗದ ಕೊಡು. ಆ ಎರಡನೆಯದನ್ನು ಯಾವ ನಿಯಮವೂ ಕೇಳುವುದಿಲ್ಲ. ಮಗುವಿನ ದಿನ ನಡೆಯುವುದು ಮಾತ್ರ ಅದರಿಂದ.

ಇಂದಿನ ತೀವ್ರತೆಯಿಂದ ನಾಳೆಯ ಭವಿಷ್ಯ ಹೇಳುವ ಧೈರ್ಯ ಯಾರಿಗೂ ಬೇಡ. ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಇದ್ದ ಹನ್ನೊಂದು ಮಕ್ಕಳ ಬಗ್ಗೆ ಬರೆದರು; 1971ರಲ್ಲಿ ಆ ಮಕ್ಕಳು ಏನಾದರು ಎಂದು ಮತ್ತೆ ಬರೆದರು. ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಬಿಟ್ಟ ಮಕ್ಕಳು ಕುಗ್ಗಿಹೋಗಿದ್ದರು. ಮೊದಲನೆಯ ಮಗುವಾಗಿದ್ದ ಡೊನಾಲ್ಡ್ ಟ್ರಿಪ್ಲೆಟ್‌ನನ್ನೂ ಎಳೆಯ ವಯಸ್ಸಿನಲ್ಲಿ ಒಂದು ಸಂಸ್ಥೆಗೆ ಸೇರಿಸಿದ್ದರು. ಹೆತ್ತವರು ಅವನನ್ನು ಮನೆಗೆ ಕರೆತಂದರು. ಅವನು ಮಿಸಿಸಿಪ್ಪಿಯ ತನ್ನ ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿ, ಕಾರು ಓಡಿಸಿ, ಗಾಲ್ಫ್ ಆಡಿ, ದೇಶ ಸುತ್ತಿ, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡ. ಅವನಿಗೆ ಅನುಕೂಲಸ್ಥ ಮನೆ ಇತ್ತು, ಅವನನ್ನು ಇದ್ದಂತೆ ಒಪ್ಪಿಕೊಂಡ ಊರಿತ್ತು. ಎಲ್ಲ ಮಕ್ಕಳೂ ಹೀಗೇ ಆಗುತ್ತಾರೆ ಎಂದು ಯಾರಿಗೂ ಭರವಸೆ ಕೊಡಬೇಡ. ಸುತ್ತಲಿನವರು ಕೊಡುವ ನೆರವಿನ ಮೇಲೆ ಎಷ್ಟೋ ನಿಂತಿರುತ್ತದೆ ಎಂದು ಮಾತ್ರ ಧೈರ್ಯವಾಗಿ ಹೇಳು.

ಕೊನೆಯದಾಗಿ, ವರದಿಯಲ್ಲಿ ಹಂತದ ಪಕ್ಕ ತಾರೀಖು ಹಾಕು. ಯಾವ ಸ್ಥಿತಿಯಲ್ಲಿ, ಯಾರ ಮಾತಿನ ಆಧಾರದಲ್ಲಿ ಬರೆದೆ ಎಂದೂ ಹಾಕು. ಸಂದರ್ಭ ಬದಲಾದಂತೆ, ವಯಸ್ಸಾದಂತೆ ಅದು ಬದಲಾಗುತ್ತದೆ ಎಂದು ತಂದೆತಾಯಿಗೆ ಬಾಯಿಬಿಟ್ಟು ಹೇಳು. ಮಗುವಿನಲ್ಲಿರುವ ಎರಡು ಒಳ್ಳೆಯ ಗುಣಗಳನ್ನಾದರೂ ಅದೇ ಪುಟದಲ್ಲಿ ಬರೆ. ಮತ್ತೆ ಯಾವ ತಿಂಗಳು ಕರೆದುಕೊಂಡು ಬರಬೇಕು ಎಂದು ಬರೆದುಕೊಡು, ಬಂದಾಗ ಹಳೆಯ ಅಂಕ ನೋಡದೆ ಹೊಸದಾಗಿ ನೋಡು. ನಿನ್ನ ಕೈಯಿಂದ ಹೋಗುವ ಪ್ರತಿ ವರದಿಯೂ ಒಂದು ಮನೆಗೆ ಮುಂದಿನ ಕೆಲಸ ಏನು ಎಂದು ತಿಳಿಸುವಂತಿರಲಿ. ಒಳ್ಳೆಯದಾಗಲಿ.